ಗೌರಿ ನೀರು ಮುಟ್ಟಿಲ್ಲ

ನೀಲಿ ಚೂರು ಇನ್ನೂ ಅಲ್ಲೇ ಇದೆ, ಬಕೆಟ್ಟಿನ ನೀರಿನ ಮೇಲೆ, ಬೆಳಿಗ್ಗೆ ನನ್ನ ಕತ್ತರಿಯಿಂದ ಹಾರಿ ಬಿದ್ದದ್ದು, ಸ್ನಾಯುನೋವಿಗೆ ಮೈಮೇಲೆ ಹಚ್ಚುವ ಅಂಟುಟೇಪಿನ ಮೂಲೆ — ಮೂಲೆಗಳನ್ನು ಉಗುರಿನ ಹಾಗೆ ದುಂಡಗೆ ಕತ್ತರಿಸಬೇಕು, ಚೂಪಾಗಿ ಬಿಟ್ಟರೆ ಕುದುರೆಯ ಕೂದಲಿಗೆ ಸಿಕ್ಕಿ ಎದ್ದುಬರುತ್ತದೆ — ತೆಗೆದು ಬಿಸಾಕೋಣ ಅಂದುಕೊಂಡವಳು ಮರೆತೆ, ಈಗ ಊಟ ಮುಗಿದು ಎಲ್ಲರೂ ಬಾದಾಮಿ ಮರದ ಕೆಳಗೆ ಕಾಲು ಚಾಚಿದ್ದಾರೆ, ಅದು ಮಾತ್ರ ಬಿದ್ದಲ್ಲೇ ತೇಲುತ್ತಿದೆ. ನೀರು ಅಂಚಿನವರೆಗೂ ಇದೆ. ಬೆರಳು ಅದ್ದಿದರೆ ಚೆಲ್ಲುವಷ್ಟು. ಕುದುರೆ ಕುಡಿದ ಬಕೆಟ್ಟು ಹೀಗಿರುವುದಿಲ್ಲ, ಒಮ್ಮೆ ಮೂತಿ ಇಟ್ಟರೆ ಅರ್ಧ ಖಾಲಿ, ಉಳಿದರ್ಧದಲ್ಲಿ ಹುಲ್ಲು, ಹೊಟ್ಟು, ಜೊಲ್ಲು, ಇದು ದೇವರ ಮುಂದಿಟ್ಟ ನೀರಿನ ಹಾಗೆ ತಿಳಿಯಾಗಿದೆ, ಗೌರಿ ಅದರ ಪಕ್ಕದಲ್ಲೇ ತಲೆ ತಗ್ಗಿಸಿ ನಿಂತಿದ್ದಾಳೆ, ಕೆಳತುಟಿ ಜೋತುಬಿದ್ದಿದೆ, ಸುಮ್ಮನಿರು ನೀಲಾ, ನಿನಗೆ ಎಲ್ಲದರಲ್ಲೂ ಕೆಟ್ಟದ್ದೇ ಕಾಣುತ್ತದೆ, ಅವ್ವ ಹೇಳುವುದೂ ಅದನ್ನೇ, ನಿನ್ನ ಬಾಯಾಗ ಒಂದು ಒಳ್ಳೇದ ಬರಂಗಿಲ್ಲ ನೋಡು ಅಂತ, ಒಪ್ಪಿದೆ, ಬರುವುದಿಲ್ಲ, ಅದಕ್ಕೇ ಬಾಯಿ ಮುಚ್ಚಿಕೊಂಡು ಕೂತಿದ್ದೇನೆ. ಕುದುರೆಗೆ ಟೇಪು ಹಚ್ಚಲು ಕಲಿಸುವ ಈ ಕೋರ್ಸಿಗೆ ಇವತ್ತು ಕೊನೆಯ ದಿನ. ಬಿಸಿಲು ಇಳಿದ ಕೂಡಲೇ ಯಮುನಾ ಈ ಕುದುರೆಯನ್ನು ಏರುತ್ತಾಳೆ, ನಾವು ಹಚ್ಚಿದ ಟೇಪುಗಳ ಸಮೇತ ಅಡ್ಡಗಳಗಳ ಮೇಲಿಂದ ಹಾರಿಸುತ್ತಾಳೆ, ನಿನ್ನೆ ಎಡವುತ್ತಿದ್ದ ಕುದುರೆ ಇವತ್ತು ಹೇಗೆ ಹಾರುತ್ತದೆ ನೋಡಿ ಎಂದು ನಮಗೆ ಕಲಿಸುವ ಶ್ರೀಧರ್ ಸಾರ್ ತೋರಿಸುತ್ತಾರೆ, ನಾವು ಚಪ್ಪಾಳೆ ತಟ್ಟಬೇಕು, ಆಮೇಲೆ ಸರ್ಟಿಫಿಕೇಟು, ಆಮೇಲೆ ಈ ಸವಾರಿ ಶಾಲೆಯಲ್ಲೇ ನನಗೆ ಕೆಲಸ ಎಂದು ಶಾಲೆಯ ಯಜಮಾನರು, ಯಮುನಾಳ ತಾತ ಚಿಕ್ಕಬೈರಪ್ಪನವರು ಹೆಚ್ಚುಕಡಿಮೆ ಮಾತು ಕೊಟ್ಟಿದ್ದಾರೆ, ಪೀಣ್ಯದ ಕ್ಲಿನಿಕ್ಕಿನಲ್ಲಿ ಲೇತ್ ಮಷಿನ್ನಿನವರ ಭುಜಗಳಿಗೆ ಟೇಪು ಹಚ್ಚಿ ಹಚ್ಚಿ ಸಾಕಾದವಳಿಗೆ ಎಲೆಕ್ಟ್ರಾನಿಕ್ ಸಿಟಿಯ ಬೆನ್ನಿಗೆ, ಆನೇಕಲ್ ರಸ್ತೆಯ ಮಗ್ಗುಲಿಗೆ, ಇಷ್ಟು ಹಸಿರಿನ ನಡುವೆ ಕೆಲಸ. ಹಸಿರು ಬೇಲಿಯವರೆಗೆ ಮಾತ್ರ. ಬೇಲಿಯಾಚೆ ಗಾಜಿನ ಕಟ್ಟಡ, ಅದರ ಬುಡದಲ್ಲಿ ಕೋಳಿ ಅಂಗಡಿಗಳ ಕಸ, ಕಸದ ಮೇಲೆ ನಾಯಿಗಳು ಮಲಗಿವೆ.

ಅಡ್ವಾನ್ಸ್ಡ್ ಕೋರ್ಸು ಎಂದರೆ ಬಾಯಿ. ಮೊದಲ ಕೋರ್ಸಿನಲ್ಲಿ ಬೆನ್ನು, ಭುಜ, ಮೊಣಕಾಲು, ಇದರಲ್ಲಿ ದವಡೆ, ನಾಲಿಗೆಯ ಬುಡ, ಅಲ್ಲಿಂದ ಎದೆಗೆ ಇಳಿಯುವ ಸ್ನಾಯು, ನಾಲಿಗೆ ಬಿಗಿಯಾಗಿದ್ದರೆ ಮುಂಗಾಲು ಬಿಗಿಯಾಗುತ್ತದೆ, ಎಲ್ಲಕ್ಕೂ ಎಲ್ಲದರ ಜೊತೆ ನಂಟು ಎಂದು ಶ್ರೀಧರ್ ಸಾರ್ ಗಾಳಿಯಲ್ಲಿ ಗೆರೆ ಎಳೆದು ತೋರಿಸಿದರು, ಹೊರದೇಶದಲ್ಲಿ ಕಲಿತು ಬಂದವರು, ಕೈ ಮಾತ್ರ ನಿಜಕ್ಕೂ ಒಳ್ಳೆಯದು, ಹಟಮಾರಿ ಕುದುರೆಯೂ ಆ ಕೈ ಕೆಳಗೆ ಸುಮ್ಮನಾಗುತ್ತದೆ. ಗ್ಲೌಸ್ ಬೇಡ ಅಂದರು, ಅಂಟೆಲ್ಲ ಗ್ಲೌಸಿಗೇ ಹಿಡ್ಕೊಳ್ಳುತ್ತೆ, ಜೊತೆಗೆ ಬೆರಳಿಗೆ ಕಿವಿ ಕೇಳಿಸಲ್ಲ ಅಂದರು, ಹಾಗಾಗಿ ಯಾರೂ ಹಾಕಿಕೊಂಡಿಲ್ಲ, ಒಬ್ಬೊಬ್ಬರೇ ಹೋಗಿ ಗೌರಿಯ ಬಾಯಿಯ ಮೂಲೆಗೆ, ಹಲ್ಲಿಲ್ಲದ ಸಂದಿಗೆ, ಬೆರಳು ತೂರಿಸಿ ನಾಲಿಗೆ ಮುಟ್ಟಿ ನೋಡಿದೆವು. ಒಳ್ಳೆಯ ಕುದುರೆ ನಾಲಿಗೆ ಎಳೆದುಕೊಳ್ಳುತ್ತದೆ, ನಮ್ಮ ಬೆರಳನ್ನು ತಳ್ಳುತ್ತದೆ. ಇವಳ ನಾಲಿಗೆ ತಳ್ಳಲಿಲ್ಲ. ಒದ್ದೆ ಬಟ್ಟೆಯ ಹಾಗೆ ನನ್ನ ಅಂಗೈಯಲ್ಲಿ ಬಿದ್ದುಕೊಂಡಿತ್ತು. ಜೊಲ್ಲು ಮಣಿಕಟ್ಟಿನವರೆಗೆ ಇಳಿಯಿತು, ದಾರದಂತೆ, ಬೆಚ್ಚಗೆ, ಆಹಾ ರಿಲೀಸ್ ನೋಡಿ ರಿಲೀಸ್, ಎಷ್ಟು ಸಡಿಲ, ಇಷ್ಟು ಬೇಗ ಬಿಟ್ಟುಕೊಡೋ ಕುದುರೆ ನಾನೇ ನೋಡಿಲ್ಲ ಅಂದರು ಶ್ರೀಧರ್ ಸಾರ್. ಅವರ ಬಾಯಲ್ಲಿ ದಿನವೆಲ್ಲ ರಿಲೀಸ್, ಗಾಂಧಿನಗರದ ನಿರ್ಮಾಪಕರ ಬಾಯಲ್ಲೂ ಅಷ್ಟು ಬರಲಾರದು. ಪಾಠ ಇರುವುದೇ ಹಾಗೆ, ಟೇಪು ಹಚ್ಚಿದಾಗ ಕುದುರೆ ತುಟಿ ಇಳಿಬಿಟ್ಟರೆ, ಆಕಳಿಸಿದರೆ, ಜೊಲ್ಲು ಸುರಿಸಿದರೆ ಒಳಗಿನ ಗಂಟು ಬಿಚ್ಚಿತು ಎಂದು ಅರ್ಥ, ನಾನೂ ಓದಿದ್ದೇನೆ, ನಾನೂ ನಂಬಿದ್ದೇನೆ, ಎಷ್ಟೋ ಕುದುರೆಗಳಲ್ಲಿ ಕಣ್ಣಾರೆ ಕಂಡಿದ್ದೇನೆ, ಹಾಗಾಗಿ ಎಲ್ಲರ ಜೊತೆ ನಾನೂ ಹಲ್ಲು ಬಿಟ್ಟೆ. ಯಾರಿಗೆಲ್ಲ ರಿಲೀಸ್ ಗೊತ್ತಾಯ್ತು, ಕೈ ಎತ್ತಿ ಅಂದರು. ಎಲ್ಲರೂ ಒದ್ದೆ ಕೈ ಎತ್ತಿದೆವು. ನನ್ನ ಹೆಬ್ಬೆರಳು ಚುರ್ ಅಂದದ್ದು ಆವಾಗಲೇ, ಮೂಲೆ ಕತ್ತರಿಸುವಾಗ ಕತ್ತರಿ ತಾಗಿದ ಗಾಯ, ಸಣ್ಣದು, ಹಾಳಾದ್ದು ಈಗಲೂ ಚುರುಗುಟ್ಟುತ್ತಿದೆ.

ಬಿಗಿ ಬೇರೆ, ಸಡಿಲ ಬೇರೆ, ಸೋತದ್ದು ಬೇರೆ. ಸೋತ ನಾಲಿಗೆಯನ್ನು ನಾನು ಮೊದಲೇ ನೋಡಿದ್ದೇನಲ್ಲ. ಬೇಡ, ಅತ್ತ ಹೋಗಬೇಡ. ಹಿಂಗಾಲಿನ ಟೇಪು ನೋಡು, ಅದಾದರೂ ಸರಿಯಾಗಿದೆಯೇ ನೋಡು, ಬಾವು ಇಳಿಯಲು ಬೀಸಣಿಗೆಯ ಹಾಗೆ ಸೀಳಿ ಹಚ್ಚಿದ ನೀಲಿ ಪಟ್ಟಿ, ನಿನ್ನೆ ನಾನೇ ಹಚ್ಚಿದ್ದು, ಬುಡಕ್ಕೆ ಎಳೆತವಿಲ್ಲದೆ, ನಡುವೆ ಮಾತ್ರ ಸ್ವಲ್ಪ ಎಳೆದು, ಹಚ್ಚುವ ಮೊದಲು ಕೂದಲು ಬಾಚಿದಾಗ ಗೊರಸಿನ ಮೇಲುಗಡೆ ಕೂದಲಿಲ್ಲದ ಎರಡು ಚುಕ್ಕೆ ಕಂಡವು, ಆರಿದ ಗಾಯ, ಏನಿದು ಹಣಮಂತಣ್ಣ ಎಂದು ಕೇಳಿದೆ. ಹಣಮಂತ ಇಲ್ಲಿ ಕುದುರೆ ನೋಡಿಕೊಳ್ಳುವವನು, ನಮ್ಮ ಕಡೆಯವನೇ, ಲಿಂಗಸೂರಿನವನು, ತಂತಿ ತಾಗೇತ್ರಿ ಮೇಡಂ ಅಂದ, ಮುಖ ಮಾತ್ರ ಬೇರೆ ಕಡೆಗಿತ್ತು. ಹಸಿ ಗಾಯದ ಮೇಲೆ ಟೇಪು ಹಚ್ಚಬಾರದು, ಆರಿದ್ದರ ಮೇಲೆ ಅಡ್ಡಿಯಿಲ್ಲ, ಹಚ್ಚಿದೆ. ಆವಾಗಿನಿಂದ ಗೌರಿ ಅದನ್ನೇ ಕಡಿಯುತ್ತಿದ್ದಾಳೆ, ಕತ್ತು ತಿರುಗಿಸಿ ಹಲ್ಲಿನಿಂದ ಅದೇ ಜಾಗ, ಗೋಡೆಗೆ ಉಜ್ಜುವುದೂ ಅದೇ ಜಾಗ, ಅಂಟಿಗೆ ಅಲರ್ಜಿ ಇರಬಹುದು, ಕೆಲವು ಕುದುರೆಗಳಿಗೆ ಹಾಗಾಗುತ್ತೆ ಅಂದರು ಸಾರ್. ಬೇರೆ ಕಡೆಯೂ ಅದೇ ಅಂಟು ಇದೆ, ಭುಜದ ಮೇಲೆ, ಕತ್ತಿನ ಮೇಲೆ, ಅಲ್ಲೆಲ್ಲ ಯಾಕೆ ಕಡಿತವಿಲ್ಲ, ನಾನು ಕೇಳಲಿಲ್ಲ. ಮೊನ್ನೆ ಸಂಕ್ರಾಂತಿಗೆ ಚಿಕ್ಕಬೈರಪ್ಪನವರು ಎತ್ತುಗಳ ಜೊತೆ ಗೌರಿಗೂ ಅರಿಸಿನ ಹಚ್ಚಿ ಕಿಚ್ಚು ಹಾಯಿಸಿದರಂತೆ, ಎತ್ತುಗಳು ಹಾರಿಹೋದವು, ಹಾರುವುದನ್ನೇ ಕಲಿತ ಕುದುರೆ ಹಿಂಗಾಲು ಎಳೆದುಕೊಂಡು ಹುಲ್ಲಿನ ಬೆಂಕಿಯ ನಡುವೆಯೇ ನಿಂತುಬಿಟ್ಟಿತಂತೆ, ಎಳೆದು ಈಚೆ ತರಬೇಕಾಯಿತಂತೆ, ಜನ ನೋಡಿ ಎದರ್ಕಂಡವ್ಳೆ ಅಷ್ಟೇಯ ಎಂದು ಅವರೇ ನಕ್ಕು ಹೇಳಿದರು, ಸ್ನಾಯುವಿನ ತೊಂದರೆ, ನಮ್ಮ ಕ್ಲಾಸಿಗೆ ಹೇಳಿಮಾಡಿಸಿದ ಕುದುರೆ ಎಂದರು ಶ್ರೀಧರ್ ಸಾರ್. ಗೌರಿಯ ಹೊಟ್ಟೆಯ ಕೆಳಗೆ ಸುಟ್ಟ ಕೂದಲಿನ ವಾಸನೆ ಇನ್ನೂ ಇದೆ.

ಮುತ್ತಣ್ಣ ಮಾಮಾ ಕೂಡ ಅಂಗೈ ಗೋಡೆಗೆ ಉಜ್ಜುತ್ತಿದ್ದ. ಅವ್ವನ ತಮ್ಮ, ಟಿ. ದಾಸರಹಳ್ಳಿಯ ತಗಡಿನ ಕೋಣೆಯಲ್ಲಿ ನಮ್ಮ ಜೊತೆಗೇ ಇದ್ದವನು, ಆಗ ಮೆಟ್ರೋ ಇರಲಿಲ್ಲ, ತುಮಕೂರು ರಸ್ತೆಯ ಲಾರಿಗಳಿಗೆ ತಗಡು ಗಡಗಡ ಅನ್ನುತ್ತಿತ್ತು, ಮಾಮಾ ಪೀಣ್ಯದಲ್ಲಿ ಫ್ಯಾಕ್ಟರಿ ಕಟ್ಟುವ ಕಡೆ ಗಾರೆ ಕೆಲಸಕ್ಕೆ ಹೋಗುತ್ತಿದ್ದ, ಅಲ್ಲಿ ಒಂದು ನಾಯಿಮರಿ, ಬೆಲ್ಲದ ಬಣ್ಣದ್ದು, ಬಿಸ್ಕತ್ತು ಹಾಕುವಾಗ ಅಂಗೈಗೆ ಹಲ್ಲು ತಾಗಿಸಿತು, ಮರೀದ ಹಲ್ಲು ಅದು, ಮುಳ್ಳು ಚುಚ್ಚಿದಂಗ ಎಂದು ನಕ್ಕಿದ್ದ, ಎಲ್ಲರೂ ನಕ್ಕಿದ್ದರು, ಮರಿ ಸತ್ತದ್ದು ಯಾರ ಲೆಕ್ಕಕ್ಕೂ ಬರಲಿಲ್ಲ. ಗಾಯ ಆರಿತು. ಎಷ್ಟೋ ತಿಂಗಳಾದ ಮೇಲೆ ಅಂಗೈ ಕಡಿಯುತ್ತದೆ ಅಂದ, ಅವ್ವ ಸಿಮೆಂಟಿನ ಕಡಿತ ಎಂದು ಕೊಬ್ಬರಿ ಎಣ್ಣೆ ಹಚ್ಚಿದಳು, ಆಮೇಲೆ ಗಂಟಲು ಒಂಥರಾ ಆಗೇತಿ ಅಂದ, ಅವ್ವ ಧೂಳಿನಿಂದ ಎಂದು ಮೆಣಸಿನ ಕಷಾಯ ಕಾಸಿದಳು, ಆಮೇಲೆ ನಾನು ಚೊಂಬಿನಲ್ಲಿ ನೀರು ತಂದೆ. ಅಂಚಿನವರೆಗೂ ತುಂಬಿ, ಚೆಲ್ಲದ ಹಾಗೆ ಎರಡೂ ಕೈಯಲ್ಲಿ ಹಿಡಿದು, ನಾಲಿಗೆ ಹೊರಗೆ ಕಚ್ಚಿಕೊಂಡು, ಎಷ್ಟು ಜಂಬ ನನಗೆ. ಅವನು ತುಟಿಯ ಹತ್ತಿರ ತಂದ, ಕತ್ತಿನ ನರ ಎಲ್ಲ ಒಮ್ಮೆಲೇ ಎದ್ದು ನಿಂತವು, ನೀರು ಕುಣಿಯಿತು, ಆಚಿ ಇಡು ತಂಗಿ, ನೀರು ಆಚಿ ಇಡು ಅಂದ, ಆ ದನಿ ಅವನದಲ್ಲ. ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರು ಅವ್ವನನ್ನು ಕಂಬದ ಮರೆಗೆ ಕರೆದುಕೊಂಡು ಹೋದರು. ಹುಚ್ಚುನಾಯಿ ರೋಗ, ಮೊದಲೇ ಬಂದಿದ್ದರೆ ಸೂಜಿಯಿಂದ ಉಳಿಯುತ್ತಿದ್ದ, ಲಕ್ಷಣ ಶುರುವಾದ ಮೇಲೆ ಏನೂ ಮಾಡಲಿಕ್ಕೆ ಬರುವುದಿಲ್ಲ ಎಂದು ಹೇಳಿದರಂತೆ, ಅದನ್ನು ಅವ್ವ ಇವತ್ತಿಗೂ ಅದೇ ಮಾತುಗಳಲ್ಲಿ ಹೇಳುತ್ತಾಳೆ. ಮಾಮಾ ಉಳಿಯಲಿಲ್ಲ, ಕೊನೆಗೆ ಅವನ ನಾಲಿಗೆ ಸೋತು ತುಟಿಯಾಚೆ ಬಿದ್ದಿತ್ತು. ಆ ಚೊಂಬು ಈಗಲೂ ಮನೆಯಲ್ಲಿದೆ, ಅವ್ವ ಅದರಲ್ಲಿ ಅಕ್ಕಿ ಅಳೆಯುತ್ತಾಳೆ.

ಕುದುರೆಗೂ ಬರುತ್ತದೆಯೇ. ಬರುತ್ತದೆ, ಹಸುವಿಗೆ ಬಂದದ್ದು ಕೇಳಿದ್ದೇನೆ, ಕುದುರೆಗೆ ಬರದೆ ಏನು. ಆದರೂ ಇದು ತಂತಿ ತಾಗಿದ ಗಾಯ, ಅಂಟಿನ ಕಡಿತ, ಬೆಂಕಿಯ ಭಯ, ಸಡಿಲವಾದ ನಾಲಿಗೆ, ಒಂದೊಂದಕ್ಕೂ ಒಂದೊಂದು ಉತ್ತರ ಇದೆ, ಎಲ್ಲ ಉತ್ತರಗಳೂ ಚೆನ್ನಾಗಿವೆ, ನೀರಿಗೊಂದು ಮಾತ್ರ ಇಲ್ಲ. ಕೈ ಎತ್ತಿ ಹೇಳಿದರೆ ನಗುತ್ತಾರೆ, ನಕ್ಕರೆ ನಗಲಿ, ಸುಳ್ಳು ಸುದ್ದಿ ಹಬ್ಬಿಸಿದಳು, ಶಾಲೆಯ ಹೆಸರು ಕೆಡಿಸಿದಳು ಎಂದರೆ ಕೆಲಸ ಹೋಯಿತು, ಅವ್ವನನ್ನು ಆ ತಗಡಿನ ಬೀದಿಯಿಂದ ಈಚೆ ಸಿಂಗಸಂದ್ರದಲ್ಲಿ ಒಂದು ಗಾಳಿಯಾಡುವ ಮನೆಗೆ ತರುತ್ತೇನೆ ಅಂದದ್ದೂ ಹೋಯಿತು, ಇಷ್ಟನ್ನೆಲ್ಲ ಒಂದು ಬಕೆಟ್ ನೀರಿಗೆ ಕಳೆದುಕೊಳ್ಳಬೇಕೇ, ಅಗೋ ಯಮುನಾ ಬಂದಳು, ಎಂಟನೇ ಕ್ಲಾಸಿನ ಹುಡುಗಿ, ತಾತನ ಮುದ್ದು, ಕುದುರೆಯ ಕೊರಳು ತಬ್ಬಿ ಮೂಗಿಗೆ ಮುತ್ತು ಕೊಡುತ್ತಿದ್ದಾಳೆ, ಬೇಡ ಯಮುನಾ ಎಂದು ಬಾಯಿಯವರೆಗೆ ಬಂತು. ಊಟ ಆಯ್ತಾ ಎಂದು ಕೇಳಿದೆ, ಎಂಥ ಹೇಡಿ ನಾನು. ಇಲ್ಲಾ ಅಕ್ಕಾ, ಅವರೆಕಾಳು ಸಾರು, ನಂಗಿಷ್ಟಾನೇ, ಆದ್ರೆ ಗಂಟಲು ಒಂಥರಾ ಇದೆ, ಕೋಲ್ಡು ಅನ್ಸುತ್ತೆ ಅಂದಳು. ಅಂದು, ಬಗ್ಗಿ, ಬಲಗಾಲಿನ ಕಾಲ್ಚೀಲ ಕೆಳಗೆ ಸರಿಸಿ ಕೆರೆದುಕೊಂಡಳು. ಅಲ್ಲಿ ನೀಲಿ ಪಟ್ಟಿ, ಬೀಸಣಿಗೆ. ಅದೂ ನಾನೇ ಹಚ್ಚಿದ್ದು, ನಿನ್ನೆ, ಗೌರಿಯ ಕಾಲಿಗೆ ಹಚ್ಚಿ ಮುಗಿಸಿದಾಗ ನಂಗೂ ಹಾಕಿ ಅಕ್ಕಾ, ಸೇಮ್ ಟು ಸೇಮ್ ಎಂದು ಕುಣಿದಿದ್ದಳು, ಫೋಟೋ ತೆಗೆಸಿಕೊಂಡಳು, ಕುದುರೆಯ ಕಾಲು ಹುಡುಗಿಯ ಕಾಲು ಅಕ್ಕಪಕ್ಕ. ತುಂಬಾ ಕಡೀತಿದೆ ಅಕ್ಕಾ, ಅಂಟು ಆಗ್ತಿಲ್ಲ ನಂಗೆ. ಬೆಳಿಗ್ಗೆಯೂ ಹೇಳಿದಳಲ್ಲ, ಕುದುರೆಗೂ ಕಡಿತ, ಕುದುರೆ ಯಜಮಾನಿಗೂ ಕಡಿತ ಎಂದು ಎಲ್ಲರೂ ನಕ್ಕಿದ್ದೆವು. ಆಮೇಲೆ ಅವಳು ಹೆಲ್ಮೆಟ್ಟು ತರಲು ಆಫೀಸಿನ ಕಡೆ ಹೋದಳು.

ಎರಡು ಚುಕ್ಕೆ. ಹಚ್ಚುವ ಮೊದಲು ಸ್ಪಿರಿಟ್ಟಿನಲ್ಲಿ ಅವಳ ಕಾಲು ಒರೆಸಿದಾಗ ಹಿಮ್ಮಡಿಯ ಮೇಲೆ ಎರಡು ಚುಕ್ಕೆ ಇದ್ದವು, ಕಂದು ಬಣ್ಣದವು, ಬೂಟು ಕಚ್ಚಿದ್ದು ಅಕ್ಕಾ ಅಂದಳು, ಬೂಟು ಕಚ್ಚುತ್ತದೆ, ಹೌದು, ಎಲ್ಲರ ಬೂಟೂ ಕಚ್ಚುತ್ತದೆ, ನಾನು ಒರೆಸಿ ಒಣಗಿಸಿ ಅದರ ಮೇಲೆ ನೀಟಾಗಿ ಟೇಪು ಹಚ್ಚಿ ಅಂಗೈಯಿಂದ ಉಜ್ಜಿ ಬೆಚ್ಚಗೆ ಮಾಡಿದೆ, ಅಂಟು ಹಿಡಿಯಬೇಕಲ್ಲ. ಏಳು. ಎದ್ದೆ. ಬಕೆಟ್ಟು ಎತ್ತಿ ಗೌರಿಯ ಮೂತಿಗೆ ಹಿಡಿದೆ, ಕುಡಿಯಮ್ಮ, ಕುಡಿದು ನನ್ನನ್ನು ಹುಚ್ಚಿ ಅನ್ನಿಸು, ಅವಳು ಮೂತಿ ಅದ್ದಿದಳು, ಅದ್ದಿದಳು, ಬಾಯಾರಿದೆ ಅವಳಿಗೆ, ಕಣ್ಣು ನೋಡಿದರೆ ಗೊತ್ತಾಗುತ್ತದೆ, ತುಟಿ ಅಲುಗಿತು, ಗಂಟಲು ಅಲುಗಲಿಲ್ಲ, ಎಳೆದುಕೊಂಡ ಸ್ವಲ್ಪ ನೀರು ಮೂಗಿನಿಂದ ಹಿಂದಕ್ಕೆ ಬಂತು, ಹುಲ್ಲಿನ ಹಸಿರು ಬೆರೆತು. ಬಕೆಟ್ಟು ಇಟ್ಟೆ. ಇಷ್ಟು ಭಯ ನನಗೆ ಆ ಚೊಂಬಿನ ದಿನದಿಂದ ಆಗಿಲ್ಲ. ಹಣಮಂತ ಹುಲ್ಲಿನ ಕೋಣೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಾನೆ, ಅವನೂ ನೋಡಿದ. ಖರೇ ಹೇಳಣ್ಣ, ತಂತಿ ಅಲ್ಲ ಅದು ಅಂದೆ. ಅವನು ಪೊರಕೆ ಗೋಡೆಗೆ ಒರಗಿಸಿದ, ಮತ್ತೆ ಕೈಗೆ ತೆಗೆದುಕೊಂಡ, ದೀಪಾವಳ್ಯಾಗ್ರಿ, ಪಟಾಕಿ ಸಪ್ಪಳಕ್ಕ ಒಂದು ನಾಯಿ ತಲಿ ಕೆಟ್ಟಂಗ ಒಳಗ ಬಂತು, ಗೌರಿ ಕಾಲಿಗೆ ಬಾಯಿ ಹಾಕ್ತು, ಬಿಡಸಾಕ ಅಂತ ಸಣ್ಣವ್ವ ಯಮುನಾ ಓಡಿ ಬಂದ್ಲು ಅಂದ. ಹೇಳು ಅಂದೆ. ಆಕಿಗೂ ಜರಾ ಹಲ್ಲು ತಾಗೇತ್ರಿ, ರಕ್ತ ಏನ್ ಭಾಳ ಬರಲಿಲ್ಲ, ಅಜ್ಜಾರಿಗೆ ಗೊತ್ತಾದ್ರ ಕುದುರಿ ಹತ್ತಾಕ ಬಿಡಂಗಿಲ್ಲ, ಹೇಳಬ್ಯಾಡ ಹಣಮಂತಣ್ಣ ಅಂತ ಕೈ ಮುಗಿದ್ಲು, ನಾ ಹೇಳಲಿಲ್ಲ. ನಾಯಿ ಏನಾಯಿತು ಎಂದು ಕೇಳಿದೆ, ಕೇಳುವ ಮೊದಲೇ ಗೊತ್ತಿತ್ತು. ಗಟಾರದಾಗ ಸತ್ತು ಬಿದ್ದಿತ್ರಿ, ಪಟಾಕಿಗೆ ಎದಿ ಒಡದೇತಿ ಅಂದ್ವಿ ಎಂದ, ಅವನ ಕಣ್ಣಲ್ಲಿ ನೀರಿತ್ತು.

ಅಂಗಳದವರೆಗೆ ಓಡಿದೆನೋ ನಡೆದೆನೋ, ಗಳಗಳನ್ನು ಕಟ್ಟಿ ನಿಲ್ಲಿಸಿದ್ದಾರೆ, ಬಿಳಿ ಕೆಂಪು ಬಳಿದ ಗಳಗಳು, ಶ್ರೀಧರ್ ಸಾರ್ ಮೈಕು ಊದಿ ನೋಡುತ್ತಿದ್ದಾರೆ, ಚಿಕ್ಕಬೈರಪ್ಪನವರು ಬಿಳಿ ಪಂಚೆ ಉಟ್ಟು ಕುರ್ಚಿಯಲ್ಲಿ ಕೂತಿದ್ದಾರೆ, ಮೊಮ್ಮಗಳು ಹಾರುವುದನ್ನು ನೋಡಲು, ದೀಪಾವಳಿ, ಕಾರ್ತಿಕ, ಮಾರ್ಗಶಿರ, ಪುಷ್ಯ, ಮುತ್ತಣ್ಣ ಮಾಮನಿಗೂ ತಿಂಗಳುಗಳೇ ಬೇಕಾಗಿದ್ದವು, ಬರಬೇಕೆಂದಿಲ್ಲ, ಕಚ್ಚಿದವರಿಗೆಲ್ಲ ಬರುವುದಿಲ್ಲ, ಕೋಲ್ಡು ಅಂದಳಲ್ಲ, ಚಳಿಗಾಲ, ಎಲ್ಲರಿಗೂ ಕೋಲ್ಡು, ಇವತ್ತೇ ಸೂಜಿ ಹಾಕಿಸಿದರೆ, ಇವತ್ತೇ, ಈಗಲೇ. ಸಾರ್, ಕುದುರೆ ಹತ್ತಬಾರದು, ಯಾರೂ ಅದರ ಹತ್ತಿರ ಹೋಗಬಾರದು ಎಂದು ಹೇಳಿದೆ, ನನ್ನ ದನಿ ಮೈಕಿನಲ್ಲಿ ದೊಡ್ಡದಾಗಿ ಕೇಳಿಸಿತು. ಶ್ರೀಧರ್ ಸಾರ್ ಮುಖ ಸಿಂಡರಿಸಿದರು, ನೀಲಾ, ನಾಟ್ ನೌ, ಆಮೇಲೆ ಮಾತಾಡೋಣ ಅಂದರು. ಹುಚ್ಚುನಾಯಿ ಕಚ್ಚಿದೆ ಸಾರ್ ಗೌರಿಗೆ, ನೀರು ಗಂಟಲಲ್ಲಿ ಇಳೀತಿಲ್ಲ, ಬೆಳಿಗ್ಗೆ ನಾವು ನೋಡಿದ್ದು ರಿಲೀಸ್ ಅಲ್ಲ. ಒಬ್ಬರೂ ನಗಲಿಲ್ಲ. ನಗುತ್ತಾರೆ ಅಂದುಕೊಂಡಿದ್ದೆನಲ್ಲ, ನಕ್ಕಿದ್ದರೆ ಎಷ್ಟು ಚೆನ್ನಾಗಿತ್ತು, ಮರದ ಕೆಳಗಿನವರೆಲ್ಲ ಒಬ್ಬೊಬ್ಬರಾಗಿ ತಮ್ಮ ತಮ್ಮ ಕೈ ನೋಡಿಕೊಂಡರು, ಬೆಳಿಗ್ಗೆ ಮೇಲೆತ್ತಿದ ಅದೇ ಕೈ, ಯಾರೋ ಉಗುರಿನ ಸುತ್ತ ಕಿತ್ತುಕೊಂಡ ಚರ್ಮ ನೋಡಿಕೊಂಡರು, ಸೋಪು ಎಲ್ಲಿದೆ, ಮೊದಲು ಸೋಪಿನಲ್ಲಿ ಚೆನ್ನಾಗಿ ತೊಳೆಯಿರಿ, ಆಮೇಲೆ ಆಸ್ಪತ್ರೆ, ನಿಮಗೆಲ್ಲ ಟೈಮ್ ಇದೆ ಅಂದೆ. ನಿಮಗೆಲ್ಲ ಎಂದು ಯಾಕೆ ಅಂದೆ. ಶ್ರೀಧರ್ ಸಾರ್ ನಲ್ಲಿಯ ಕಡೆ ನಡೆದರು, ಮೈಕು ಕೈಯಲ್ಲೇ ಇತ್ತು.

ಏನಮ್ಮಾ ಬಾಯ್ಗೆ ಬಂದಂಗೆ ಮಾತಾಡೀಯೆ, ನನ್ ಕುದ್ರೆಗೆ ಎಲ್ಲಾ ಸೂಜಿ ಆಕ್ಸಿವ್ನಿ ಕಣಮ್ಮ ಎಂದು ಚಿಕ್ಕಬೈರಪ್ಪನವರು ಎದ್ದರು, ಅವರಿಗೆ ಕುದುರೆಯದ್ದೇ ಚಿಂತೆ, ಪಾಪ, ಇನ್ನೂ ಕುದುರೆಯದ್ದೇ. ಯಮುನಾ ಬಂದಿದ್ದಾಳೆ, ಹೆಲ್ಮೆಟ್ಟಿನ ಪಟ್ಟಿ ಗದ್ದಕ್ಕೆ ಬಿಗಿಯುತ್ತಾ, ಗೌರಿಗೇನಾಯ್ತು ಅಕ್ಕಾ, ಯಾಕೆಲ್ಲಾ ಹಿಂಗ್ ನೋಡ್ತಿದೀರ, ಮಣ್ಣಿನಲ್ಲಿ ಮಂಡಿಯೂರಿ ಅವಳ ಕಾಲು ಹಿಡಿದೆ, ಟೇಪು ತೆಗೆಯುವುದಕ್ಕೂ ಒಂದು ರೀತಿ ಇದೆ, ಕಿತ್ತಬಾರದು, ಚರ್ಮವನ್ನು ಒಂದು ಕೈಯಲ್ಲಿ ಒತ್ತಿ ಹಿಡಿದು ಟೇಪನ್ನು ಕೂದಲಿನ ದಿಕ್ಕಿಗೆ ಸುರುಳಿ ಸುತ್ತುತ್ತಾ ಬರಬೇಕು, ಸುತ್ತಿದೆ, ಕೆಂಪಗೆ ಕೆರೆದುಕೊಂಡ ಗೀರುಗಳ ನಡುವೆ ಎರಡು ಚುಕ್ಕೆ. ಗೌರಿಯ ಕಾಲಿನದೇ ಅಳತೆ. ಇದು ಬೂಟು ಅಲ್ಲ ಅಲ್ವಾ ಕಂದಾ ಅಂದೆ, ಅವಳು ತಾತನನ್ನು ನೋಡಿದಳು, ನನ್ನನ್ನು ನೋಡಿದಳು, ತಾತಂಗೆ ಹೇಳ್ಬೇಡಿ ಅಕ್ಕಾ ಎಂದು ಪಿಸುಗುಟ್ಟಿದಳು, ತಾತ ಅಲ್ಲೇ ನಿಂತಿದ್ದರು, ಪಂಚೆಯ ಚುಂಗು ಕೈಯಿಂದ ಜಾರಿತು, ಆ ಮನುಷ್ಯನ ಮುಖ ನಾನು ನೋಡಲಾರೆ. ಗಂಟಲು ಕೆಡಲು ಬೇರೆ ಸಾವಿರ ಕಾರಣ ಇರುತ್ತವೆ. ಅವಳ ಬ್ಯಾಗಿನ ಪಕ್ಕದ ಜೇಬಿನಲ್ಲಿ ನೀರಿನ ಬಾಟಲಿ ಇದೆ, ತೆಗೆದು ಕೊಟ್ಟೆ, ಬೆಳಿಗ್ಗೆ ಮನೆಯಿಂದ ತಂದದ್ದು, ಭಾರವಾಗಿದೆ, ನನ್ನ ಬೆರಳಿಗೆ ಅಂಟಿದ್ದ ಟೇಪಿನ ಚೂರು ಬಾಟಲಿಗೆ ಅಂಟಿಕೊಂಡಿತು, ನೀಲಿ, ದುಂಡಗೆ ಕತ್ತರಿಸಿದ ಮೂಲೆ. ಒಂದು ಗುಟುಕು ಕುಡಿ ಯಮುನಾ. ಆಮೇಲೆ ಅಕ್ಕಾ. ಈಗ, ನನಗೋಸ್ಕರ, ಒಂದೇ ಗುಟುಕು, ಕುಡಿದುಬಿಡು, ಕುಡಿದು ನಮ್ಮನ್ನೆಲ್ಲ ನಗಿಸು, ಈ ಅಕ್ಕನಿಗೆ ತಲೆ ಕೆಟ್ಟಿದೆ ಎಂದು ಶಾಲೆಯಲ್ಲೆಲ್ಲ ಹೇಳಿಕೊಂಡು ಬಾ, ನನ್ನ ಕೆಲಸ ಹೋಗಲಿ, ಸರ್ಟಿಫಿಕೇಟು ಹೋಗಲಿ, ಸಿಂಗಸಂದ್ರದ ಮನೆ ಹೋಗಲಿ, ಕುಡಿ — ಮುಚ್ಚಳ ತಿರುಗಿಸಿದಳು, ಎತ್ತಿದಳು, ನಲ್ಲಿಯ ಹತ್ತಿರ ಕೈ ತೊಳೆಯುತ್ತಿದ್ದವರ ಸದ್ದು ನಿಂತಿತು, ಬಾಟಲಿ ತುಟಿಯ ಹತ್ತಿರ ಬಂತು, ತುಟಿಯ ಹತ್ತಿರವೇ ನಿಂತಿದೆ, ಕುಡಿ ಕಂದಾ, ಬಾಟಲಿಯೊಳಗೆ ನೀರು ಅಲುಗುತ್ತಿದೆ, ಅದರ ಮೈಮೇಲೆ ನೀಲಿ ಚೂರು, ನೀರು ಅಂಚಿನವರೆಗೂ ಇದೆ, ನೀರು ಇನ್ನೂ ಅಂಚಿನವರೆಗೂ ಇದೆ.